ಬೆರಕೆ ಎನ್ನುವ ಮುನ್ನ

ಭೀಮಾ ನದಿಯ ಹೆಸರನ್ನು ಹೊತ್ತ ಹಕ್ಕಿಯೊಂದಿದೆ. ಭೀಮೆಯ ದಂಡೆಯ ಊರುಗಳಲ್ಲಿ ಹುಟ್ಟಿ ಬೆಳೆದವರಲ್ಲಿಯೂ ಇದನ್ನು ಬಲ್ಲವರು ವಿರಳ. ಮುಂಬಯಿ ಸೈನ್ಯದ ಅಧಿಕಾರಿಯಾಗಿದ್ದ ವಿಲಿಯಂ ಹೆನ್ರಿ ಸೈಕ್ಸ್, ದಖ್ಖನದ ಅಂಕಿಅಂಶಗಳನ್ನು ಸಂಗ್ರಹಿಸುವ ಕಾರ್ಯಕ್ಕಾಗಿ ಈ ಬಯಲುಸೀಮೆಯಲ್ಲಿ ಸಂಚರಿಸಿ, ತಾನು ಕಂಡ ಹಕ್ಕಿಗಳ ಪಟ್ಟಿಯೊಂದನ್ನು 1832ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಕಲಾಪಗಳಲ್ಲಿ ಪ್ರಕಟಿಸಿದನು. ಅದರಲ್ಲಿ ಒಂದು ಹಳದಿ ಸಿಪಿಲೆಗೆ ಅವನು ಇಟ್ಟ ಹೆಸರು ‘ಬೀಮಾ’. ತಿಳಿಬೂದು ನೆತ್ತಿ, ಕಣ್ಣಿನ ಮೇಲೆ ಅಗಲವಾದ ಬಿಳಿಯ ಹುಬ್ಬು, ಕಣ್ಣಿನ ಕೆಳಗೆ ಕಿವಿಯ ಗರಿಗಳಲ್ಲಿ ಬಿಳಿಯ ಛಾಯೆ, ಹಳದಿ ಹೊಟ್ಟೆ, ನಿಲ್ಲದೆ ಮೇಲೆ ಕೆಳಗೆ ಆಡುವ ಬಾಲ. ಕನ್ನಡದಲ್ಲಿ ಸಿಪಿಲೆ ಎಂದೂ ಆಡುಮಾತಿನಲ್ಲಿ ಕುಂಡೆಕುಸ್ಕ ಎಂದೂ ಮರಾಠಿಯಲ್ಲಿ ಪರೀಟ, ಧೋಬಿ ಎಂದೂ ಕರೆಯಿಸಿಕೊಳ್ಳುವ ಕುಲಕ್ಕೆ ಸೇರಿದ ಈ ಹಕ್ಕಿ ಪಶ್ಚಿಮ ಸೈಬೀರಿಯ ಮತ್ತು ಕಜಕಸ್ತಾನದ ಬಯಲುಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಭಾರತಕ್ಕೆ ಇಳಿಯುತ್ತದೆ. ಈಗಿನ ಪಕ್ಷಿಶಾಸ್ತ್ರ ಇದನ್ನು ಹಳದಿ ಸಿಪಿಲೆಯ ಒಂದು ಉಪಪ್ರಭೇದವೆಂದು ಗಣಿಸುತ್ತದೆ. ‘ಬೀಮಾ’ ಎಂಬ ಹೆಸರು ಮಾತ್ರ ಹಾಗೆಯೇ ಉಳಿದಿದೆ.

ಇಲ್ಲಿಂದ ಸಾವಿರಾರು ಮೈಲು ದೂರದಲ್ಲಿ, ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಣ ಕಡಲಗಾಲುವೆಯ ಎರಡೂ ದಡಗಳಲ್ಲಿ, ನೋಡಲು ಬಹುತೇಕ ಹೀಗೆಯೇ ಇರುವ ಇನ್ನೊಂದು ಹಕ್ಕಿ ಕಾಣಸಿಗುತ್ತದೆ. ಅದರ ತಲೆಯೂ ತಿಳಿಯಾದ ನೀಲಿಬೂದು, ಹುಬ್ಬೂ ಅಗಲ, ಬಿಳಿ. ಅದು ಸೈಬೀರಿಯದಿಂದ ದಾರಿತಪ್ಪಿ ಬಂದದ್ದಲ್ಲ, ಭೀಮೆಗೂ ಅದಕ್ಕೂ ಯಾವ ನಂಟೂ ಇಲ್ಲ. ಬ್ರಿಟನ್ನಿನಲ್ಲಿ ಮರಿ ಮಾಡುವ ಹಳದಿ ತಲೆಯ ಸಿಪಿಲೆಯೂ ಯುರೋಪಿನ ಒಳನಾಡಿನ ನೀಲಿಬೂದು ತಲೆಯ ಸಿಪಿಲೆಯೂ ಕೂಡಿ ಹುಟ್ಟಿದ ಸಂತಾನ ಅದು. ಅಲ್ಲಿನ ಪಕ್ಷಿವೀಕ್ಷಕರು ಅದನ್ನು ‘ಚಾನೆಲ್ ವ್ಯಾಗ್‌ಟೇಲ್’ ಎಂದು ಕರೆಯುತ್ತಾರೆ. ಹಳದಿಯೂ ನೀಲಿಬೂದೂ ಕೂಡಿದರೆ ಹಸಿರಿಗೆ ಸಮೀಪದ ತಲೆ ಬರಬೇಕೆಂದು ಚಿತ್ರಕಾರನ ಬಣ್ಣದ ತಟ್ಟೆ ಹೇಳುತ್ತದೆ. ಬಂದದ್ದು ಮಾತ್ರ ಎರಡಕ್ಕಿಂತಲೂ ತಿಳಿಯಾದ, ಮೂರನೆಯ ಒಂದು ಉಪಪ್ರಭೇದವನ್ನು ಹೋಲುವ ತಲೆ. ಹೀಗೆ ಒಂದೇ ಬಗೆಯ ರೂಪ ಒಂದು ಕಡೆ ವಂಶಪಾರಂಪರ್ಯವಾಗಿ ಬಂದದ್ದು, ಇನ್ನೊಂದು ಕಡೆ ಬೆರಕೆಯಿಂದ ಬಂದದ್ದು. ಗರಿಯ ಬಣ್ಣವೊಂದನ್ನೇ ಸಾಕ್ಷಿಯಾಗಿಟ್ಟುಕೊಂಡು ಹಕ್ಕಿಯ ಹುಟ್ಟನ್ನು ನಿರ್ಣಯಿಸಲು ಹೊರಟವನಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಿಲ್ಲ.

ಆದರೂ ಅಂತಹ ನಿರ್ಣಯಗಳು ಈಗ ಬಹಳ ಅಗ್ಗವಾಗಿವೆ. ಕ್ಯಾಮೆರಾ ಕೈಗೆಟುಕುವಂತಾದ ಮೇಲೆ ಉಜನಿ ಜಲಾಶಯದ ಹಿನ್ನೀರಿಗೋ ನಾನ್ನಜದ ಹುಲ್ಲುಗಾವಲಿಗೋ ಹೋಗಿಬರುವ ಯುವಕರ ಸಂಖ್ಯೆ ಹೆಚ್ಚಿದೆ. ಇದು ಸಂತೋಷದ ಸಂಗತಿಯೇ. ಪುಸ್ತಕದ ಚಿತ್ರಕ್ಕೆ ಹೊಂದದ ಹಕ್ಕಿ ಚಿತ್ರದಲ್ಲಿ ಸೆರೆಯಾದೊಡನೆ ‘ಇದು ಹೈಬ್ರಿಡ್’ ಎಂಬ ತೀರ್ಪು ಹೊರಬೀಳುವುದು ಮಾತ್ರ ಸಂತೋಷದ ಸಂಗತಿಯಲ್ಲ. ಪುಸ್ತಕದ ಚಿತ್ರ ಒಂದು ಪ್ರಭೇದದ ಆದರ್ಶರೂಪ. ಹೊಲದಲ್ಲಿ ಓಡಾಡುವುದು ಒಂದು ಪ್ರಾಣಿ. ಎರಡರ ನಡುವಿನ ಅಂತರಕ್ಕೆ ಕಾರಣಗಳು ಹತ್ತಾರಿವೆ. ಬೆರಕೆ ಅವುಗಳಲ್ಲಿ ಒಂದು, ಅದೂ ಅಪರೂಪದ್ದು. ಅಪರೂಪದ ಕಾರಣವನ್ನೇ ಮೊದಲು ಮುಂದಿಡುವುದು ವಿಚಾರದ ಕ್ರಮವನ್ನೇ ತಲೆಕೆಳಗು ಮಾಡಿದಂತೆ.

ಪದದ ಪ್ರಶ್ನೆಯೂ ಇದೆ. ಕನ್ನಡದಲ್ಲಿ ಈ ಅರ್ಥಕ್ಕೆ ಸಂಕರ, ಮಿಶ್ರತಳಿ, ಬೆರಕೆ ಎಂಬ ಮಾತುಗಳು ಬಳಕೆಯಲ್ಲಿವೆ. ‘ಸಂಕರ’ ಶಬ್ದದ ಬೆನ್ನಿಗೆ ವರ್ಣಸಂಕರದ ಶಾಸ್ತ್ರಚರ್ಚೆ, ಅದರ ಅವಹೇಳನದ ದನಿ ಅಂಟಿಕೊಂಡಿವೆ. ನಿರಪರಾಧಿಯಾದ ಹಕ್ಕಿಗೆ ಅದನ್ನು ತೊಡಿಸುವ ಅಗತ್ಯವಿಲ್ಲ. ‘ಮಿಶ್ರತಳಿ’ ಕೃಷಿ ಇಲಾಖೆಯ ಮಾತು. ತಳಿ ಎಂದರೆ ಮನುಷ್ಯ ಬೇಕೆಂದು ಬೆಳೆಸಿದ್ದು ಎಂಬ ಧ್ವನಿ ಅದಕ್ಕಿದೆ. ಸೊಲ್ಲಾಪುರ ಸೀಮೆಯ ರೈತ ಮಾಲದಂಡಿ ಜೋಳವನ್ನು ಒಂದು ಕಡೆಗಿಟ್ಟು ‘ಹೈಬ್ರೀಡ್ ಜ್ವಾಳ’ವನ್ನು ಇನ್ನೊಂದು ಕಡೆಗಿಟ್ಟು ಮಾತನಾಡುವಾಗ ಅವನಿಗೆ ಎರಡರ ಹುಟ್ಟೂ ಗೊತ್ತಿರುತ್ತದೆ, ಬೀಜದ ಚೀಲದ ಮೇಲೆಯೇ ಅದು ಬರೆದಿರುತ್ತದೆ. ಕಾಡುಹಕ್ಕಿಯ ಮೇಲೆ ಅಂತಹ ಚೀಟಿ ಇಲ್ಲ. ‘ಬೆರಕೆ’ ಅಚ್ಚಗನ್ನಡವಾದುದರಿಂದ ಅದನ್ನೇ ಇಟ್ಟುಕೊಳ್ಳಬಹುದು. ಆದರೆ ಹಾಲಿಗೆ ನೀರು, ತುಪ್ಪಕ್ಕೆ ಡಾಲ್ಡಾ ಎಂಬ ಅರ್ಥದ ನೆರಳು ಅದರ ಮೇಲೆ ಬೀಳದಂತೆ ಬಳಸುವವರೇ ನೋಡಿಕೊಳ್ಳಬೇಕು.

ಬೆರಕೆಯಲ್ಲದಿದ್ದರೂ ಬೆರಕೆಯಂತೆ ತೋರುವ ಹಕ್ಕಿಗಳು ಸುತ್ತಮುತ್ತಲೇ ಇವೆ. ಬಾಲದಂಡೆ ಹಕ್ಕಿಯನ್ನು ತೆಗೆದುಕೊಳ್ಳೋಣ. ಮರಾಠಿಯವರು ಸ್ವರ್ಗೀಯ ನರ್ತಕ ಎಂದು ಕರೆಯುವುದು ಇದನ್ನೇ. ಗಂಡಿನ ಮೈ ಎಳವೆಯಲ್ಲಿ ಇಟ್ಟಿಗೆಗೆಂಪು. ವರ್ಷಗಳು ಕಳೆದಂತೆ ಹಲವು ಗಂಡುಗಳು ಅಚ್ಚಬಿಳಿಯಾಗುತ್ತವೆ. ನಡುವಿನ ಹಂತದಲ್ಲಿ ಕೆಂಪು ರೆಕ್ಕೆಯಲ್ಲಿ ನಾಲ್ಕು ಬಿಳಿಗರಿ, ಬಿಳಿಯ ಬೆನ್ನಿನಲ್ಲಿ ಕೆಂಪಿನ ಮಚ್ಚೆ ಕಾಣಿಸುತ್ತವೆ. ಹಿಂದೊಮ್ಮೆ ಬಿಳಿಯದೂ ಕೆಂಪಿನದೂ ಬೇರೆ ಬೇರೆ ಹಕ್ಕಿಗಳೆಂದು ಭಾವಿಸಿದವರು ಇಂತಹದನ್ನು ಕಂಡರೆ ಎರಡರ ಬೆರಕೆ ಎನ್ನದೆ ಇನ್ನೇನು ಎಂದಾರು? ಕಪ್ಪು ಸೂರಕ್ಕಿಯ ಗಂಡು ಮರಿ ಮಾಡುವ ಕಾಲದಲ್ಲಿ ಹೊಳೆಯುವ ನೇರಳೆಗಪ್ಪು. ಆ ಕಾಲ ಮುಗಿದೊಡನೆ ಹೆಣ್ಣಿನಂತೆ ಹಳದಿ ಹೊಟ್ಟೆ ತಳೆದು, ಗಂಟಲಿನಿಂದ ಹೊಟ್ಟೆಯವರೆಗೆ ಒಂದು ಕಪ್ಪು ಗೆರೆಯನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಈ ಎರಡು ವೇಷಗಳ ನಡುವಿನ ವಾರಗಳಲ್ಲಿ ಅದರ ಮೈ ಹರಕು ಕೌದಿಯಂತೆ ಇರುತ್ತದೆ. ಹೆಣ್ಣುಕೋಗಿಲೆಯ ಚುಕ್ಕೆಗಳು, ಕಾಗೆಯ ಗೂಡಿನಲ್ಲಿ ಬೆಳೆಯುವ ಕೋಗಿಲೆ ಮರಿಯ ಕಪ್ಪು ಮೈ, ಬಣ್ಣಗೆಟ್ಟ ಮಣ್ಣಿನಂತೆ ಕಾಣುವ ಗುಲಾಬಿ ಕಬ್ಬಕ್ಕಿಯ ಎಳೆಯ ಹಕ್ಕಿ, ಇವೆಲ್ಲ ಇದೇ ಸಾಲಿನವು.

ಬಣ್ಣದ ಕೊರತೆ ಇನ್ನೊಂದು ಬಗೆ. ರೆಕ್ಕೆಯಲ್ಲಿ ಕೆಲವು ಗರಿ ಬೆಳ್ಳಗಿರುವ ಕಾಗೆ ಊರೂರಿನಲ್ಲಿಯೂ ಆಗಾಗ ಕಾಣುವುದುಂಟು. ಗರಿಗೆ ಬಣ್ಣ ಕೊಡುವ ದ್ರವ್ಯ ಒದಗದೆ ಹೋದುದರ ಫಲ ಅದು. ಹುಟ್ಟಿನಿಂದ ಬಂದಿರಬಹುದು, ಆಹಾರದ ದೋಷದಿಂದಲೂ ಬಂದಿರಬಹುದು. ಎಡದ ರೆಕ್ಕೆಯಲ್ಲಿ ಮೂರು ಬಿಳಿ ಗರಿ, ಬಲದಲ್ಲಿ ಒಂದು ಎಂಬಂತಹ ಅಸಮತೆ ಕಂಡರೆ ಬೆರಕೆಯ ಯೋಚನೆಯನ್ನು ಬಹುಮಟ್ಟಿಗೆ ಕೈಬಿಡಬಹುದು, ಏಕೆಂದರೆ ತಂದೆತಾಯಿಗಳಿಂದ ಬಂದ ಗುರುತು ಸಾಮಾನ್ಯವಾಗಿ ಎರಡೂ ಬದಿಗೆ ಸಮನಾಗಿ ಹಂಚಿಕೆಯಾಗಿರುತ್ತದೆ. ಹೊರಗಿನಿಂದ ಹತ್ತಿದ ಬಣ್ಣವೂ ಇದೆ. ಹೂವಿಗೆ ಕೊಕ್ಕಿಟ್ಟ ಹಕ್ಕಿಯ ಹಣೆಗೆ ಪರಾಗ ಮೆತ್ತಿ ಹಳದಿ ತಿಲಕವಾಗುತ್ತದೆ; ಕೆಸರಿನ ಕಬ್ಬಿಣದ ಅಂಶ ಕೊಕ್ಕರೆಯ ಬಿಳಿಯನ್ನು ತುಕ್ಕಿನ ಬಣ್ಣಕ್ಕೆ ತಿರುಗಿಸುತ್ತದೆ. ಪಂಜರದ ವ್ಯಾಪಾರಿಗಳು ಮುನಿಯಾ ಹಕ್ಕಿಗಳಿಗೆ ಹಸಿರು, ಕೆಂಪು ಬಳಿದು ಮಾರುವುದು ಕಾನೂನಿಗೆ ವಿರುದ್ಧವಾದರೂ ನಿಂತಿಲ್ಲ. ತಪ್ಪಿಸಿಕೊಂಡ ಅಂತಹದೊಂದು ಹಕ್ಕಿ ಬೇಲಿಯ ಮೇಲೆ ಕುಳಿತರೆ ಲೋಕದ ಯಾವ ಪುಸ್ತಕಕ್ಕೂ ಅದು ಹೊಂದುವುದಿಲ್ಲ. ಕೊನೆಯದಾಗಿ ಬೆಳಕು. ಸಂಜೆಯ ಕೆಂಬಿಸಿಲಿನಲ್ಲಿ ಬೂದು ಬಣ್ಣ ಕಂದಾಗುತ್ತದೆ ಎಂಬುದನ್ನು ಕ್ಯಾಮೆರಾ ತಾನಾಗಿ ಹೇಳುವುದಿಲ್ಲ.

ಕನ್ನಡವನ್ನು ಐಚ್ಛಿಕವಾಗಿ ಓದುವವರಿಗೆ ಇಂತಹ ವಿವೇಚನೆ ಹೊಸದೇನಲ್ಲ. ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಅರಿಸಮಾಸದ ಪ್ರಕರಣವನ್ನು ಅವರು ಓದಿಯೇ ಇರುತ್ತಾರೆ. ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಸಮಾಸದಲ್ಲಿ ಕೂಡಿಸುವುದು ದೋಷವೆಂದು ಹಳೆಯ ಲಾಕ್ಷಣಿಕರು ಬಗೆದರು. ‘ಕವಿರಾಜಮಾರ್ಗ’ಕಾರನಿಗೆ ಅದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ತೋರಿತು. ಬಿರುದಾವಳಿಗಳಲ್ಲಿ, ಪೂರ್ವಕವಿಗಳ ಪ್ರಯೋಗಗಳಲ್ಲಿ ಮಾತ್ರ ವಿನಾಯಿತಿ. ಆ ನಿಷೇಧ ಇಂದು ಒಪ್ಪತಕ್ಕದ್ದೇ ಎಂಬುದು ಬೇರೆಯ ಚರ್ಚೆ. ಇಲ್ಲಿ ಗಮನಿಸಬೇಕಾದುದು ಅವರ ಕ್ರಮ. ಒಂದು ಸಮಾಸವನ್ನು ಅರಿಸಮಾಸ ಎನ್ನಬೇಕಾದರೆ ಎರಡೂ ಪದಗಳ ಮೂಲ ಮೊದಲು ಸ್ಪಷ್ಟವಾಗಬೇಕು. ‘ಹಕ್ಕಿ’ಯೂ ‘ಬಣ್ಣ’ವೂ ಕಿವಿಗೆ ಅಚ್ಚಗನ್ನಡವೆಂದೇ ಕೇಳುತ್ತವೆ, ಪಕ್ಷಿ, ವರ್ಣ ಎಂಬ ಮೂಲಗಳಿಂದ ಬಂದ ತದ್ಭವಗಳು ಅವು. ‘ಗರಿ’ ಹಾಗಲ್ಲ, ಅದು ಕನ್ನಡದ್ದೇ. ಕಿವಿಯ ಸಾಕ್ಷ್ಯ ಮೂರನ್ನೂ ಒಂದೇ ಎಂದು ಹೇಳುತ್ತದೆ, ವ್ಯಾಕರಣ ಬೇರ್ಪಡಿಸುತ್ತದೆ.

ಗಡಿಯ ಈಚೆಗಿನ ಕನ್ನಡದ ಬಗೆಗೂ ಇದೇ ಅವಸರದ ತೀರ್ಪು ಬಹಳ ಕಾಲದಿಂದ ನಡೆದುಬಂದಿದೆ. ಅಕ್ಕಲಕೋಟ, ಜತ್ತ ಕಡೆಯ ವಿದ್ಯಾರ್ಥಿ ಬೆಂಗಳೂರಿಗೋ ಮೈಸೂರಿಗೋ ಹೋದಾಗ ಅವನ ಮಾತು ‘ಮರಾಠಿ ಬೆರೆತದ್ದು’ ಎನಿಸಿಕೊಳ್ಳುತ್ತದೆ. ಬೆರೆತದ್ದು ಇದೆ, ಇಲ್ಲವೆನ್ನುವುದು ಸುಳ್ಳಾದೀತು. ಆದರೆ ಬೆರೆತದ್ದೆಂದು ಅನ್ನಿಸಿಕೊಂಡದ್ದೆಲ್ಲ ಬೆರೆತದ್ದಲ್ಲ. ಬೆರೆತಿದ್ದರೂ ಯಾವ ಕಡೆಯಿಂದ ಯಾವ ಕಡೆಗೆ ಎಂಬುದು ಹೋಲಿಕೆಯೊಂದರಿಂದಲೇ ತಿಳಿಯುವುದಿಲ್ಲ. ಮರಾಠಿಯ ‘ತೂಪ’ಕ್ಕೆ ಕನ್ನಡದ ತುಪ್ಪವೇ ಮೂಲವೆಂದು, ‘ಅಡಕಿತ್ತಾ’ ಎಂಬುದು ಅಡಕತ್ತರಿಯ ರೂಪಾಂತರವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತ ಬಂದಿದ್ದಾರೆ. ತಿಳಿಯದವನು ಕೇಳಿದರೆ ಇವನ್ನೂ ಮರಾಠಿಯ ಬೆರಕೆ ಎಂದೇ ಎಣಿಸಿಯಾನು.

ಹಕ್ಕಿಗಳಿಗೆ ಮರಳಿದರೆ, ಅವಸರದ ಹೆಸರಿನ ಕಥೆಗಳಲ್ಲಿ ಅತ್ಯಂತ ಬೋಧಪ್ರದವಾದುದು ಅಮೆರಿಕದ ಎರಡು ಪುಟ್ಟ ವಾರ್ಬ್ಲರ್‌ಗಳದು. ಹೊನ್ನರೆಕ್ಕೆಯ ವಾರ್ಬ್ಲರ್ ಬೂದು ಮೈಯದು. ಗಂಟಲು ಕಪ್ಪು, ಕಣ್ಣಿನ ಮೇಲೆ ಕಪ್ಪು ಮುಸುಕು, ರೆಕ್ಕೆಯಲ್ಲಿ ಹಳದಿ. ನೀಲಿರೆಕ್ಕೆಯದು ಹಳದಿ ಮೈಯದು. ಕಣ್ಣಿಗೆ ಕಾಡಿಗೆಯಂತಹ ಒಂದು ತೆಳುಗೆರೆ ಮಾತ್ರ, ರೆಕ್ಕೆಯಲ್ಲಿ ಬಿಳಿಪಟ್ಟಿ. 1874ರಲ್ಲಿ ಇವೆರಡಕ್ಕೂ ಹೊಂದದ ಎರಡು ಹಕ್ಕಿಗಳು ಹೊಸ ಪ್ರಭೇದಗಳೆಂದು ಪ್ರಕಟವಾದವು. ಒಂದು ‘ಬ್ರೂಸ್ಟರ್‌ನ ವಾರ್ಬ್ಲರ್’: ಬಿಳಿಚಿದ ಎದೆ, ಕಪ್ಪಿಲ್ಲದ ಗಂಟಲು, ಕಣ್ಣಿಗೆ ತೆಳುಗೆರೆ. ಇನ್ನೊಂದು ‘ಲಾರೆನ್ಸ್‌ನ ವಾರ್ಬ್ಲರ್’: ಹಳದಿ ಮೈ, ಕಪ್ಪು ಗಂಟಲು, ಕಪ್ಪು ಮುಸುಕು. ಇವೆರಡೂ ಸ್ವತಂತ್ರ ಪ್ರಭೇದಗಳಲ್ಲ, ಮೇಲಿನ ಇಬ್ಬರ ಕೂಡುಸಂತಾನವೆಂಬುದು ಮುಂದಿನ ದಶಕಗಳಲ್ಲಿ ಸಿದ್ಧವಾಯಿತು. ಮೊದಲ ತಲೆಮಾರಿನ ಸಂತಾನ ಸಾಮಾನ್ಯವಾಗಿ ಬ್ರೂಸ್ಟರ್‌ನ ರೂಪದಲ್ಲಿಯೇ ಇರುತ್ತದೆ, ಏಕೆಂದರೆ ಕಪ್ಪು ಗಂಟಲಿನ ಗುಣ ಮೆಂಡೆಲ್ ಹೇಳಿದ ಅರ್ಥದಲ್ಲಿ ಅಡಗುವ ಗುಣ. ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಹೊರಗೆ ಕಾಣುತ್ತದೆ. ಆದ್ದರಿಂದ ಕಪ್ಪು ಗಂಟಲಿನ ಲಾರೆನ್ಸ್ ರೂಪ ಹೆಚ್ಚು ವಿರಳ. ಬೆರಕೆಗಳು ಮತ್ತೆ ತಮ್ಮೊಳಗೋ ಮೂಲ ಕುಲದೊಂದಿಗೋ ಕೂಡಿದಾಗ ಅದು ತಲೆದೋರುತ್ತದೆ.

ಇದರಿಂದ ಎರಡು ಮಾತು ಹೊರಡುತ್ತವೆ. ಬೆರಕೆಯ ಹಕ್ಕಿ ‘ಅರ್ಧ ಇದು, ಅರ್ಧ ಅದು’ ಆಗಿರಲೇಬೇಕೆಂಬ ನಂಬಿಕೆ ತಪ್ಪು. ಅದು ಒಂದು ಗುಣದಲ್ಲಿ ತಾಯಿಯನ್ನೂ ಇನ್ನೊಂದರಲ್ಲಿ ತಂದೆಯನ್ನೂ ಹೋಲಬಹುದು, ಬಾತುಗಳಲ್ಲಿ ಕೆಲವೊಮ್ಮೆ ಆಗುವಂತೆ ಇಬ್ಬರಲ್ಲಿಯೂ ಇಲ್ಲದ ಮುಖದ ಗೆರೆಗಳನ್ನು ತಳೆಯಬಹುದು. ಎರಡನೆಯದು ಇನ್ನೂ ವಿಚಿತ್ರ. 2016ರಲ್ಲಿ ಈ ಎರಡು ವಾರ್ಬ್ಲರ್‌ಗಳ ಸಂಪೂರ್ಣ ಜೀನೋಮುಗಳನ್ನು ಹೋಲಿಸಿ ನೋಡಿದಾಗ ಸ್ಪಷ್ಟವಾದ ಭೇದ ಕಂಡದ್ದು ಆರೇ ಆರು ತಾಣಗಳಲ್ಲಿ; ಅವುಗಳಲ್ಲಿ ಹೆಚ್ಚಿನವು ಗರಿಯ ಬಣ್ಣ, ಬೆಳವಣಿಗೆಗಳಿಗೆ ಸಂಬಂಧಿಸಿದ ಜೀನುಗಳ ನೆರೆಯಲ್ಲಿಯೇ ಇದ್ದವು. ಯುರೋಪಿನ ಕರಿಕಾಗೆ ಮತ್ತು ಬೂದುಮೈಯ ಕಾಗೆಗಳ ಕಥೆಯೂ ಇದೇ: ಜರ್ಮನಿಯ ಮೂಲಕ ಹಾಯುವ ಒಂದು ಕಿರಿದಾದ ಪಟ್ಟಿಯಲ್ಲಿ ಇವು ಕೂಡುತ್ತವೆ, 2014ರಲ್ಲಿ ಅರವತ್ತು ಕಾಗೆಗಳ ಜೀನೋಮುಗಳನ್ನು ಓದಿದವರಿಗೆ ಸ್ಥಿರವಾದ ಭೇದ ಸಿಕ್ಕಿದ್ದು ಮುಖ್ಯವಾಗಿ ಹದಿನೆಂಟನೆಯ ವರ್ಣತಂತುವಿನ ಒಂದು ಸಣ್ಣ ಭಾಗದಲ್ಲಿ. ಇದಕ್ಕೆ ತದ್ವಿರುದ್ಧವಾಗಿ, ಹಳದಿ ಸಿಪಿಲೆಯ ಪಶ್ಚಿಮದ ಮತ್ತು ಪೂರ್ವದ ಬಳಗಗಳು ಗರಿಯಲ್ಲಿ ಒಂದನ್ನೊಂದು ಎಷ್ಟು ಹೋಲಿದರೂ ವಂಶದಲ್ಲಿ ದೂರವಿರುವುದು ತಿಳಿದು ಇಂದು ಎರಡು ಪ್ರಭೇದಗಳೆನಿಸಿವೆ. ಕಣ್ಣಿಗೆ ದೊಡ್ಡದಾಗಿ ಕಂಡ ಭೇದ ವಂಶದಲ್ಲಿ ಚಿಕ್ಕದು, ಕಣ್ಣಿಗೆ ಕಾಣದ ಭೇದ ವಂಶದಲ್ಲಿ ದೊಡ್ಡದು.

ಕರ್ನಾಟಕದ ರಾಜ್ಯಪಕ್ಷಿ ನೀಲಕಂಠವೂ ಈ ಚರ್ಚೆಯಿಂದ ಹೊರಗಲ್ಲ. ದಖ್ಖನದಲ್ಲಿ ಅದಕ್ಕೆ ಪ್ರತಿಸ್ಪರ್ಧಿ ಇಲ್ಲ. ಬಂಗಾಳದಿಂದ ಪೂರ್ವಕ್ಕೆ ಸರಿದಂತೆ ಗಾಢವರ್ಣದ ಇಂಡೋಚೀನಾ ನೀಲಕಂಠ ಎದುರಾಗುತ್ತದೆ, ಎರಡೂ ಕೂಡುವ ನಾಡಿನಲ್ಲಿ ನಡುವಣ ರೂಪಗಳು ಕಾಣುತ್ತವೆ. ಎದೆಯ ಗೆರೆಗಳು ಮಸುಕಾದ ನೀಲಕಂಠವೊಂದನ್ನು ಅಸ್ಸಾಮಿನಲ್ಲಿ ಕಂಡವನು ಬೆರಕೆಯ ಸಾಧ್ಯತೆಯನ್ನು ಎಣಿಸುವುದು ಸರಿ, ಅದೇ ರೂಪವನ್ನು ವಿಜಯಪುರದಲ್ಲಿ ಕಂಡವನು ಎಣಿಸುವುದು ಸರಿಯಲ್ಲ. ಊರು ಯಾವುದು ಎಂಬುದು ಗರಿಯಷ್ಟೇ ಮುಖ್ಯವಾದ ಸಾಕ್ಷಿ.

ಇಷ್ಟೆಲ್ಲ ಹೇಳಿದ ಮೇಲೆ ‘ಬೆರಕೆಯೋ ಅಲ್ಲವೋ, ಹಕ್ಕಿ ಹಾರಿಕೊಂಡಿದ್ದರೆ ಸಾಕಲ್ಲ’ ಎಂದು ಕೇಳುವವರಿದ್ದಾರೆ. ಅವರು ಸ್ಪೇನಿನ ಬಿಳಿತಲೆ ಬಾತಿನ ಇತಿಹಾಸವನ್ನು ನೋಡಬೇಕು. 1977ರಲ್ಲಿ ಆ ದೇಶದಲ್ಲಿ ಇದರ ಸಂಖ್ಯೆ ಇಪ್ಪತ್ತೆರಡಕ್ಕೆ ಇಳಿದಿತ್ತು. ಬೇಟೆಯನ್ನು ತಡೆದು, ಜೌಗುನೆಲಗಳನ್ನು ಕಾದು, ಅದನ್ನು ಮೇಲೆತ್ತುತ್ತಿರುವಾಗಲೇ ಹೊಸ ಸಂಕಟವೊಂದು ಬಂದಿತು. ಉತ್ತರ ಅಮೆರಿಕದ ರಡ್ಡಿ ಬಾತನ್ನು 1940ರ ದಶಕದಲ್ಲಿ ಬ್ರಿಟನ್ನಿನ ಪಕ್ಷಿಸಂಗ್ರಹಾಲಯಕ್ಕೆ ತರಲಾಗಿತ್ತು. ತಪ್ಪಿಸಿಕೊಂಡವು ಅಲ್ಲಿಯ ಕೆರೆಗಳಲ್ಲಿ ಸಾವಿರಗಟ್ಟಲೆಯಾಗಿ ಬೆಳೆದು, ಕಡಲು ದಾಟಿ ಸ್ಪೇನನ್ನು ಮುಟ್ಟಿ ಬಿಳಿತಲೆ ಬಾತಿನೊಡನೆ ಕೂಡತೊಡಗಿದವು. 1990ರ ದಶಕದ ಆರಂಭದಲ್ಲಿ ಅಲ್ಲಿ ಬೆರಕೆಗಳು ಕಾಣಿಸಿಕೊಂಡವು. ಆ ಸಂತಾನ ಬಂಜೆಯೂ ಆಗಿರಲಿಲ್ಲ. ಹೀಗೆ ಬಿಟ್ಟರೆ ಯುರೋಪಿನ ಮೂಲ ಬಾತು ಬೆರೆತು ಬೆರೆತು ಇಲ್ಲವಾಗುತ್ತದೆಂದು ಬಗೆದು, ರಡ್ಡಿ ಬಾತುಗಳನ್ನೂ ಬೆರಕೆಗಳನ್ನೂ ಗುಂಡಿಟ್ಟು ಕೊಲ್ಲುವ ನಿರ್ಧಾರವಾಯಿತು. ಬ್ರಿಟನ್ನಿನಲ್ಲಿಯೂ 2005ರಿಂದ ನಿರ್ಮೂಲನದ ಕಾರ್ಯ ನಡೆಯಿತು.

ಇಲ್ಲಿ ಗರಿಯನ್ನು ಓದುವವನ ಕೈಯಲ್ಲಿ ಬಂದೂಕಿದೆ. ಬಿಳಿತಲೆಯ ಗಂಡಿಗೆ ನೆತ್ತಿಯ ಮೇಲೆ ಸಣ್ಣ ಕಪ್ಪು ಟೋಪಿ, ಬುಡದಲ್ಲಿ ಊದಿದ ಕೊಕ್ಕು; ರಡ್ಡಿ ಗಂಡಿಗೆ ಕಪ್ಪು ಕತ್ತಿನ ಹಿಂಭಾಗದವರೆಗೂ ಇಳಿದಿರುತ್ತದೆ, ಕೊಕ್ಕಿನ ಬುಡ ಊದಿರುವುದಿಲ್ಲ. ಮೊದಲ ತಲೆಮಾರಿನ ಗಂಡು ಬೆರಕೆ ಇವೆರಡರ ನಡುವೆ ಇರುವುದರಿಂದ ಅದನ್ನು ಗುರುತಿಸಬಹುದು. ಹೆಣ್ಣುಗಳಲ್ಲಿ ಕಷ್ಟ ಹೆಚ್ಚು. ಬೆರಕೆ ಮತ್ತೆ ಬಿಳಿತಲೆಯೊಡನೆ ಕೂಡಿ ಹುಟ್ಟಿದ ಮರಿಯಲ್ಲಿ ಕಷ್ಟ ಇನ್ನೂ ಹೆಚ್ಚು. ಬೆರಕೆಯನ್ನು ಬಿಳಿತಲೆಯೆಂದು ಬಿಟ್ಟರೆ ಕುಲಕ್ಕೆ ಹಾನಿ. ಬಿಳಿತಲೆಯನ್ನು ಬೆರಕೆಯೆಂದು ಹೊಡೆದರೆ ಮೊದಲೇ ಎಣಿಕೆಯಷ್ಟಿದ್ದ ಹಕ್ಕಿಗಳಲ್ಲಿ ಒಂದು ಕಡಿಮೆ. ಅಲ್ಲಿನವರು ಗರಿಯೊಂದನ್ನೇ ನಂಬದೆ ಕೊಕ್ಕಿನ ಆಕಾರವನ್ನು ನೋಡಿದರು, ಹೊಡೆದ ಹಕ್ಕಿಗಳ ಅಂಗಾಂಶದಿಂದ ಡಿಎನ್‌ಎ ಪರೀಕ್ಷಿಸಿದರು. ಸ್ಪೇನಿನ ಬಿಳಿತಲೆ ಬಾತುಗಳೊಳಗೆ ರಡ್ಡಿ ಬಾತಿನ ಅಂಶ ಸೇರಿಕೊಂಡಿಲ್ಲವೆಂದು 2007ರ ಅಧ್ಯಯನವೊಂದು ತೋರಿಸಿತು. ಆ ಕೊಲೆ ನ್ಯಾಯವೇ ಎಂಬ ನೈತಿಕ ಪ್ರಶ್ನೆ ಇದರಿಂದ ತೀರುವುದಿಲ್ಲ. ಮನುಷ್ಯ ಮಾಡಿದ ಅವಾಂತರಕ್ಕೆ ಬಾತುಗಳು ಬೆಲೆ ತೆತ್ತವೆಂಬುದು ನಿಜ. ಆದರೆ ಗುರುತಿಸುವಿಕೆ ಎಂಬುದು ರಜಾದಿನದ ವಿನೋದ ಮಾತ್ರವೆಂದು ಇನ್ನು ಯಾರೂ ಹೇಳಲಾರರು.

ಗರಿಯ ಓದು ನಿರರ್ಥಕವೆಂದು ಇದರ ತಾತ್ಪರ್ಯವಲ್ಲ. ಚಳಿಗಾಲದಲ್ಲಿ ದಖ್ಖನದ ಹುಲ್ಲುಗಾವಲುಗಳ ಮೇಲೆ ತೇಲುವ, ಕನ್ನಡ ಪುಸ್ತಕಗಳು ‘ಸೆಳೆವ’ ಎಂದು ಹೆಸರಿಸುವ ಹ್ಯಾರಿಯರ್ ಹದ್ದುಗಳಲ್ಲಿ ಅದರ ಸಮರ್ಥ ಬಳಕೆ ಕಾಣುತ್ತದೆ. ಮಾಳಢೋಕಕ್ಕಾಗಿ 1979ರಲ್ಲಿ ಅಭಯಾರಣ್ಯವಾದ ನಾನ್ನಜದಂತಹ ನೆಲಕ್ಕೆ ಪ್ರತಿವರ್ಷ ಬರುವ ಬಿಳಿಚು ಸೆಳೆವ, ಉತ್ತರದ ತನ್ನ ನಾಡಿನಲ್ಲಿ ಕೆಲವೊಮ್ಮೆ ಹೆನ್ ಹ್ಯಾರಿಯರ್ ಜೊತೆ ಕೂಡುವುದುಂಟೆಂದು ಫಿನ್ಲೆಂಡಿನ ವೀಕ್ಷಕರು ತೋರಿಸಿಕೊಟ್ಟರು. ಅವರು ಎದೆಯ ಬಣ್ಣ ನೋಡಿ ಸುಮ್ಮನಾಗಲಿಲ್ಲ. ರೆಕ್ಕೆಯ ತುದಿಯಲ್ಲಿ ಬೆರಳುಗಳಂತೆ ಬಿಡಿಬಿಡಿಯಾಗಿ ಚಾಚುವ ಗರಿಗಳು ಬಿಳಿಚು ಸೆಳೆವಕ್ಕೆ ನಾಲ್ಕು, ಹೆನ್ ಹ್ಯಾರಿಯರಿಗೆ ಐದು. ಎಳೆಯ ಬಿಳಿಚು ಸೆಳೆವದ ಕೊರಳಿಗೆ ತಿಳಿಬಣ್ಣದ ಸ್ಪಷ್ಟ ಪಟ್ಟಿ, ಗೆರೆಗಳಿಲ್ಲದ ಕಿತ್ತಳೆ ಹೊಟ್ಟೆ. ಕೊರಳಪಟ್ಟಿ ಬಿಳಿಚು ಸೆಳೆವದ್ದು, ಬೆರಳು ಐದನೆಯದಕ್ಕೆ ಚಾಚುತ್ತಿದೆ, ಎದೆಯಲ್ಲಿ ಗೆರೆಗಳಿವೆ, ಮೈಕಟ್ಟು ಭಾರ: ಹೀಗೆ ಪರಸ್ಪರ ಸಂಬಂಧವಿಲ್ಲದ ಮೂರು ನಾಲ್ಕು ಲಕ್ಷಣಗಳು ಒಂದೇ ಕಡೆಗೆ ಬೆರಳು ತೋರಿಸಿದಾಗ ‘ಬೆರಕೆಯಿರಬಹುದು’ ಎಂದರು. ಆಗಲೂ ‘ಇರಬಹುದು’ ಎಂದೇ. ಇದೇ ಸೀಮೆಗೆ ಬರುವ ಮಾಂಟೆಗೂ ಸೆಳೆವಕ್ಕೂ ಬೆರಳು ನಾಲ್ಕೇ ಆದುದರಿಂದ ಅದರ ಮತ್ತು ಬಿಳಿಚು ಸೆಳೆವದ ಬೆರಕೆಯಲ್ಲಿ ಬೆರಳೆಣಿಕೆ ನಡೆಯುವುದಿಲ್ಲ. ಮುಖದ ವಿನ್ಯಾಸ, ರೆಕ್ಕೆಯ ಉದ್ದಗಳನ್ನೇ ಅವಲಂಬಿಸಬೇಕಾಗುತ್ತದೆ.

ಕಣ್ಣಿನ ಜೊತೆಗೆ ಕಿವಿಯೂ ಬೇಕು. 2018ರಲ್ಲಿ ಪೆನ್ಸಿಲ್ವೇನಿಯದಲ್ಲಿ ಪತ್ತೆಯಾದ ಒಂದು ಗಂಡು ವಾರ್ಬ್ಲರ್ ಮೇಲೆ ಹೇಳಿದ ಬ್ರೂಸ್ಟರ್ ರೂಪಕ್ಕೆ ಹತ್ತಿರವಾಗಿತ್ತು, ಆದರೆ ಎದೆಯ ಬದಿಗಳಲ್ಲಿ ಕಂದುಗೆಂಪು ಮಚ್ಚೆಗಳಿದ್ದವು. ಅದು ಹಾಡಿದ್ದು ಇವರಿಬ್ಬರ ಹಾಡನ್ನಲ್ಲ, ‘ಚೆಸ್ಟ್‌ನಟ್-ಸೈಡೆಡ್’ ಎಂಬ ಮೂರನೆಯ ವಾರ್ಬ್ಲರಿನ ಹಾಡನ್ನು. ಅದನ್ನು ಕಂಡ ಹವ್ಯಾಸಿ ವೀಕ್ಷಕ ಚಿತ್ರಗಳೊಂದಿಗೆ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ಬರೆದ. ಡಿಎನ್‌ಎ ಪರೀಕ್ಷೆ ತಾಯಿ ಬೆರಕೆಯ ಹಕ್ಕಿಯೆಂದೂ ತಂದೆ ಆ ಮೂರನೆಯ ಜಾತಿಯದೆಂದೂ ಹೇಳಿತು. ಒಂದೇ ಹಕ್ಕಿಯಲ್ಲಿ ಮೂರು ಕುಲ! ಆ ವೀಕ್ಷಕ ತಾನೇ ಹೆಸರಿಟ್ಟು ಮುಗಿಸದೆ, ಕಂಡದ್ದನ್ನೂ ಕೇಳಿದ್ದನ್ನೂ ಬಿಡಿಬಿಡಿಯಾಗಿ ಬರೆದಿಟ್ಟುದರಿಂದ ಸತ್ಯ ಹೊರಗೆ ಬಂದಿತು.

ಬರೆದಿಡುವ ಈ ಕೆಲಸದಲ್ಲಿಯೇ ಕನ್ನಡ ವಿದ್ಯಾರ್ಥಿಗೆ ಒಂದು ವಿಶೇಷ ಪಾಲಿದೆ. ಹಕ್ಕಿಯ ಮೈಯನ್ನು ವರ್ಣಿಸಲು ಬೇಕಾದ ಮಾತುಗಳು ಕನ್ನಡದಲ್ಲಿ ಹೇರಳವಾಗಿವೆ: ನೆತ್ತಿ, ಹುಬ್ಬು, ಕೆನ್ನೆ, ಗಲ್ಲ, ಕೊರಳು, ಹೆಗಲು, ಪಕ್ಕೆ, ತಿಳಿಬೂದು, ಮಾಸಲು, ಹೊಗೆಗಪ್ಪು, ಎಳೆಹಳದಿ. ಇಂಗ್ಲಿಷ್ ಪುಸ್ತಕದ ಪಾರಿಭಾಷಿಕಗಳಿಗೆ ಕಾಯುತ್ತ ಕೂರಬೇಕಾಗಿಲ್ಲ. ಹಸ್ತಪ್ರತಿಯನ್ನು ಸಂಪಾದಿಸುವವನು ಮೂಲದಲ್ಲಿದ್ದ ಅಕ್ಷರವನ್ನು ಇದ್ದಂತೆಯೇ ಮೊದಲು ನಕಲು ಮಾಡಿಕೊಂಡು, ಪಾಠಾಂತರಗಳನ್ನು ಅಡಿಯಲ್ಲಿ ಕಾಣಿಸಿ, ತನ್ನ ಊಹೆಯನ್ನು ಬೇರೆಯಾಗಿಯೇ ಇಡುತ್ತಾನೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಪಠ್ಯವಾಗಿ ಓದುವವರಿಗೆ ಈ ಶಿಸ್ತು ಪರೀಕ್ಷೆಯ ಪ್ರಶ್ನೆಯಾಗಿ ಪರಿಚಿತ. ಎರಡು ಶಾಖೆಗಳ ಪಾಠಗಳು ಬೆರೆತ ಪ್ರತಿಯನ್ನು ಸಂಪಾದಕ ಗುರುತಿಸುವುದೂ ಒಂದು ಓದಿನಿಂದಲ್ಲ, ಹಲವು ಸ್ಥಳಗಳ ಸಾಕ್ಷ್ಯದಿಂದ. ನಡುವಿನ ಒಂದು ಅಕ್ಷರ ಮಸುಕಾಗಿದ್ದರೆ ಹುಳು ತಿಂದಿರಬಹುದು, ಲಿಪಿಕಾರ ನಿದ್ದೆಗಣ್ಣಿನಲ್ಲಿದ್ದಿರಬಹುದು.

ಸೈಕ್ಸ್ ಹೆಸರಿಟ್ಟ ಆ ಸಿಪಿಲೆಯ ವಿಷಯದಲ್ಲಂತೂ ಈ ಶಿಸ್ತಿನ ಅಗತ್ಯ ಹೆಚ್ಚು. ಬೂದು, ಕಪ್ಪು, ಹಳದಿ, ಬಿಳಿ ತಲೆಗಳ ಹಲವು ಉಪಪ್ರಭೇದಗಳು ತಮ್ಮ ಉತ್ತರದ ನಾಡಿನ ಅಂಚುಗಳಲ್ಲಿ ಪರಸ್ಪರ ಕೂಡುತ್ತವೆ. ಕಪ್ಪುತಲೆಗೆ ಬಿಳಿ ಹುಬ್ಬು ಬಂದ ಹಕ್ಕಿಗೆ ‘ಸೂಪರ್ಸಿಲಿಯಾರಿಸ್’ ಎಂದೂ ಹಳದಿ ಹುಬ್ಬು ಬಂದುದಕ್ಕೆ ‘ಕ್ಸಾಂಥೋಫ್ರಿಸ್’ ಎಂದೂ ಒಂದು ಕಾಲದಲ್ಲಿ ಪ್ರತ್ಯೇಕ ಹೆಸರುಗಳನ್ನು ಕೊಡಲಾಗಿತ್ತು. ಇಂದು ಅವು ಬೆರಕೆಯ ರೂಪಗಳೆಂದು ತಿಳಿದಿದೆ. ಇವೆಲ್ಲ ಇಲ್ಲಿಗೆ ಬರುವಾಗ ಚಳಿಗಾಲದ ಮಂಕು ವೇಷದಲ್ಲಿರುತ್ತವೆ, ಹೆಣ್ಣುಗಳೂ ಎಳೆಯವೂ ಒಂದರಂತೆ ಒಂದು. ಡಿಸೆಂಬರಿನಲ್ಲಿ ಸೀನಾ ನದಿಯ ಒದ್ದೆ ಮರಳಿನಲ್ಲಿ ಓಡಾಡುವ ಸಿಪಿಲೆಯನ್ನು ಕಂಡವರು ‘ಹಳದಿ ಸಿಪಿಲೆ’ ಎಂದು ಬರೆದು ಅಲ್ಲಿಗೇ ನಿಲ್ಲಿಸಿದರೆ ಅದು ಕೊರತೆಯ ಬರಹವಲ್ಲ, ಸರಿಯಾದ ಬರಹ.

ಮಾರ್ಚ್ ಬಂದಾಗ ಗಂಡುಗಳ ತಲೆಗೆ ಹೊಸ ಗರಿ ಮೂಡತೊಡಗುತ್ತದೆ. ದಿನಾಂಕ, ಸ್ಥಳ, ಬೆಳಕು. ನೆತ್ತಿಯ ಬಣ್ಣ, ಹುಬ್ಬು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ, ಕಣ್ಣಿನ ಕೆಳಗೆ ಬಿಳಿ ಇದೆಯೇ, ಗಲ್ಲ ಬಿಳಿಯೋ ಹಳದಿಯೋ. ಎರಡು ಬದಿಯೂ ಸಮನೇ. ಹಳೆಯ ಗರಿ ಇನ್ನೂ ಉಳಿದಿದೆಯೇ. ಹಾರುವಾಗ ಕೂಗಿದ್ದು ಹೇಗೆ. ಇವನ್ನು ಒಂದು ವಹಿಯಲ್ಲಿ ಕನ್ನಡದಲ್ಲಿ ಬರೆದಿಡಲು ಸಿಗುವ ಕಾಲ ಐದಾರು ವಾರ ಮಾತ್ರ. ಏಪ್ರಿಲ್ ಮುಗಿಯುವುದರೊಳಗೆ ಸಿಪಿಲೆಗಳು ಭೀಮೆಯ ದಂಡೆ ಬಿಟ್ಟು ಉತ್ತರಕ್ಕೆ ಹೊರಟಿರುತ್ತವೆ.